ಮಿಸ್ಟರ್ ರೋಬಾಟ್ ಸೀರೀಸ್‌ನಾಗ ಬಚ್ಚಿಟ್ಟಿದ್ದನ್ನ ಹುಡುಕೋದು ಹೆಂಗ

ಮೊದ್ಲನೇ ಸಲ ನೋಡುವಾಗ ಏನೂ ಹುಡುಕಬ್ಯಾಡ್ರಿ, ಸುಮ್ನ ಕತೆ ನೋಡ್ರಿ. ನಾಕು ಸೀಸನ್ನು, 45 ಎಪಿಸೋಡು, 2015 ಜೂನ್‌ನಾಗ ಅಮೆರಿಕದ ಯುಎಸ್ಎ ನೆಟ್‌ವರ್ಕ್ ಚಾನೆಲ್‌ನಾಗ ಶುರುವಾಗಿ 2019 ಡಿಸೆಂಬರ್‌ಗೆ ಮುಗಿದಿದ್ದು, ಬರ್ದಾತ ಸ್ಯಾಮ್ ಎಸ್ಮೇಲ್, ಎಲಿಯಟ್ ಅನ್ನೋ ಹ್ಯಾಕರ್ ಹುಡುಗನ ಪಾರ್ಟು ಮಾಡಿದ ರಾಮಿ ಮಾಲೆಕ್‌ಗೆ 2016ರಾಗ ಎಮ್ಮಿನೂ ಬಂತು. ಕತೆ ಒಂದು ಸಲ ತಲೆಗೆ ಹೋದ ಮ್ಯಾಲೆನೇ ಎರಡ್ನೇ ರೌಂಡು, ಆಟ ಅವಾಗ ಶುರು. ಯಾಕಂದ್ರ ಇದ್ರಾಗ ಅರ್ಧ ಸುಳಿವು ಮುಂದ ಏನಾಗ್ತೈತೆ ಅಂತ ಗೊತ್ತಿದ್ದೋರಿಗೆ ಮಾತ್ರ ಕಾಣೋ ಹಂಗ ಇಟ್ಟಾರ.

ಕೋಡಿಂಗ್ ಬರ್ಬೇಕಾ ಅಂತ ಕೇಳ್ತಾರ ಭಾಳ ಮಂದಿ. ಏನೂ ಬ್ಯಾಡ. ಪಾಸ್ ಬಟನ್ ಒತ್ತೋ ತಾಳ್ಮೆ ಬೇಕು ಅಷ್ಟೆ, ಜೊತಿಗೆ ಒಬ್ರು ಕೂತ್ರ ಇನ್ನೂ ಚಲೋ, ಇಬ್ರ ಕಣ್ಣು ಬ್ಯಾರೆ ಬ್ಯಾರೆ ಕಡೆ ಹೋಗ್ತೈತೆ. ನಮ್ ಬಳ್ಳಾರಿ ಮಂದಿಗೆ ತೆಲುಗು ಪಿಚ್ಚರ್‌ಗೆ ಸಬ್‌ಟೈಟಲ್ ಬೇಕಾಗಿಲ್ಲ, ಆ ಧೈರ್ಯದಾಗ ಇದನ್ನೂ ಹಂಗೇ ನೋಡೋಕೆ ಹೋಗಬ್ಯಾಡ್ರಿ, ಸಬ್‌ಟೈಟಲ್ ಹಾಕ್ಕೊಳ್ರಿ, ಎಲಿಯಟ್ ಬಾಯಾಗ ಬಾಯಾಗ ಮಾತಾಡ್ತಾನ, ಅರ್ಧ ಹೆಸ್ರು ಹಂಗೇ ಜಾರಿ ಹೋಗ್ತಾವ.

ಸ್ಕ್ರೀನ್‌ಶಾಟ್ ತಗೋಬೇಕು ಅಂತ ಹೋದ್ರ ಓಟಿಟಿ ಆ್ಯಪ್‌ನಾಗ ಬರೇ ಕರೀ ಫೋಟೋ ಬರ್ತೈತೆ, ಅದು ನಿಮ್ ಫೋನ್ ಕೆಟ್ಟಿದ್ದಲ್ಲ, ಕಾಪಿ ಮಾಡಬಾರ್ದು ಅಂತ ಅವ್ರೇ ಹಂಗ ಮಾಡಿರ್ತಾರ. ಟಿವಿ ಮ್ಯಾಲೆ ಪಾಸ್ ಮಾಡಿ ಇನ್ನೊಂದು ಫೋನ್‌ನಾಗ ಫೋಟೋ ಹೊಡ್ಕೊಳ್ರಿ, ಸ್ವಲ್ಪ ಓರೆ ನಿಂತು ಹೊಡೀರಿ, ನೇರ ಹಿಡಿದ್ರ ಗೆರೆ ಗೆರೆ ಬಂದು ಅಕ್ಷರ ಓದೋಕೆ ಆಗಲ್ಲ. ಡಿಸ್ಕ್ ತಗೊಂಡು ವಿಎಲ್‌ಸಿ ಪ್ಲೇಯರ್‌ನಾಗ ನೋಡೋರಿಗೆ ಆರಾಮು, ಕೀಬೋರ್ಡ್‌ನಾಗ ಇ ಒತ್ತಿದ್ರ ಒಂದೊಂದೇ ಫ್ರೇಮ್ ಮುಂದಕ್ಕ ಹೋಗ್ತೈತೆ.

ಇನ್ನ ಒಂದೇ ಒಂದು ರೂಲ್ ಹೇಳ್ತೀನಿ, ಇದು ನಂದೇ ರೂಲು. ಸಿಕ್ಕಿದ್ದು ನಿಜವಾಗ್ಲೂ ಸುಳಿವಾ ಇಲ್ಲಾ ನಮ್ ತಲೆನಾಗಿನ ಹುಳಾನಾ ಅಂತ ತಿಳೀಬೇಕಂದ್ರ ಅದನ್ನ ಕೈಯಾರೆ ಚೆಕ್ ಮಾಡೋಕೆ ಬರ್ತೈತಾ ನೋಡ್ರಿ. ಬಂದ್ರ ಬರ್ಕೊಳ್ರಿ. "ಗೋಡೆ ಕೆಂಪೈತೆ, ಕೆಂಪಂದ್ರ ರಕ್ತ" ಅನ್ನೋ ಟೈಪು ಚಾ ಕುಡಿಯೋವಾಗ ಮಾತಾಡೋಕೆ ಚಂದ, ಲಿಸ್ಟ್‌ಗೆ ಬ್ಯಾಡ. ಈ ಸೀರೀಸ್‌ಗೆ ಈ ರೂಲು ಯಾಕ ಸರಿ ಹೊಂದ್ತೈತೆ ಅಂದ್ರ, ಇದ್ರ ರೈಟರ್ ಟೀಮ್‌ನಾಗ ಕೋರ್ ಅಡಾನಾ ಅಂತ ಒಬ್ಬ ಇದ್ದ, ಮೊದ್ಲು ಸೈಬರ್ ಸೆಕ್ಯುರಿಟಿ ಕೆಲಸ ಮಾಡ್ದಾತ, ಸ್ಕ್ರೀನ್ ಮ್ಯಾಲೆ ಬರೋ ಕಮಾಂಡು ನಿಜವಾಗ್ಲೂ ನಡಿಯೋವೇ ಇರ್ಬೇಕು ಅಂತ ಹಟ ಅವಂದು. ಹಸಿರು ಅಕ್ಷರ ಮಳಿ ಸುರಿದಂಗ ಸುರ್ಸಿ "ಐ ಆಮ್ ಇನ್" ಅನ್ನೋ ಆಟ ಇಲ್ಲಿ ಇಲ್ಲ.

ಶುರು ಮಾಡೋದು ಎಪಿಸೋಡ್ ಹೆಸರಿಂದ, ಪ್ಲೇ ಒತ್ತೋಕಿಂತ ಮೊದ್ಲೇ. ಮೊದ್ಲನೇ ಸೀಸನ್‌ನಾಗ ಪ್ರತಿ ಹೆಸ್ರೂ ಒಂದು ವಿಡಿಯೋ ಫೈಲ್ ಹೆಸ್ರು, ಹಲೋಫ್ರೆಂಡ್ ಡಾಟ್ ಎಂಒವಿ ಇಂದ ಹಿಡಿದು ಎಂಪಿ4, ಎಂಕೆವಿ, ಕೊನಿಗೆ ಎವಿಐ. ನಮ್ ಕಡೆ ಮೆಮೊರಿ ಕಾರ್ಡ್‌ಗೆ ಪಿಚ್ಚರ್ ಹಾಕಿಸ್ಕೊಂಡು ಬೆಳೆದೋರಿಗೆ ಇವೆಲ್ಲ ಹಳೇ ದೋಸ್ತರು. ಎರಡ್ನೇ ಸೀಸನ್‌ಗೆ ಬಂದ್ರ ಎಕ್ಸ್‌ಟೆನ್ಷನ್, ಅಂದ್ರ ಫೈಲ್ ಹೆಸರಿನಾಗ ಡಾಟ್ ಆದ ಮ್ಯಾಲೆ ಬರೋ ಬಾಲ, ಬದಲಾಗ್ತೈತೆ, ಟಿಸಿ ಅಂದ್ರ ಟ್ರೂಕ್ರಿಪ್ಟ್, ಎಚ್‌ಸಿ ಅಂದ್ರ ವೆರಾಕ್ರಿಪ್ಟ್, ಎಎಕ್ಸ್‌ಎಕ್ಸ್ ಅಂದ್ರ ಆ್ಯಕ್ಸ್‌ಕ್ರಿಪ್ಟ್, ಅಂದ್ರ ಬೀಗ ಹಾಕಿದ ಫೈಲುಗಳು, ಓಪನ್ ಮಾಡಬೇಕಂದ್ರ ಪಾಸ್‌ವರ್ಡ್ ಬೇಕು. ಅರ್ಧ ಸೀಸನ್ ದಾಟೋ ತನಕ ಎಲಿಯಟ್ ನಮ್ಮಿಂದ ಒಂದು ವಿಷಯ ಮುಚ್ಚಿಟ್ಟಿರ್ತಾನ, ಅದನ್ನ ಹೆಸರಿನಾಗೇ ಹೇಳಿಬಿಟ್ಟಾರ!

ಅದೇ ಸೀಸನ್‌ನಾಗ ಇನಿಟ್_1 ಅಂತ ಒಂದು, ಇನಿಟ್_5 ಅಂತ ಇನ್ನೊಂದು ಎಪಿಸೋಡ್ ಐತೆ. ಲಿನಕ್ಸ್‌ನಾಗ, ಅಂದ್ರ ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಾಗ, ಹಳೇ ಪದ್ಧತಿ ಪ್ರಕಾರ ಇನಿಟ್ 1 ಅಂತ ಕಮಾಂಡ್ ಕೊಟ್ರ ಸಿಸ್ಟಮ್ ಸಿಂಗಲ್ ಯೂಸರ್ ಮೋಡ್‌ಗೆ ಹೋಗ್ತೈತೆ, ಒಬ್ಬನೇ, ನೆಟ್‌ವರ್ಕ್ ಇಲ್ಲ, ರಿಪೇರಿಗೆ ಅಂತ ಇರೋದು. ಇನಿಟ್ 5 ಅಂದ್ರ ಎಲ್ಲಾ ಯೂಸರ್‌ಗಳು, ನೆಟ್‌ವರ್ಕು, ಡೆಸ್ಕ್‌ಟಾಪು ಎಲ್ಲಾ ಚಾಲು. ಈಗ ಎರಡೂ ಎಪಿಸೋಡ್ ಮತ್ತ ನೋಡ್ರಿ, ಒಂದ್ರಾಗ ಎಲಿಯಟ್ ಎಲ್ಲಿದ್ದ, ಇನ್ನೊಂದ್ರಾಗ ಎಲ್ಲಿಗೆ ಬಂದ ಅಂತ. ನನ್ ಪ್ರಕಾರ ಇಡೀ ಸೀರೀಸ್‌ನಾಗ ಇದಕ್ಕಿಂತ ಚಲೋ ಸುಳಿವಿಲ್ಲ. ಮೂರ್ನೇ ಸೀಸನ್ ಕೊನೇ ಎಪಿಸೋಡ್ ಹೆಸ್ರು ಶಟ್‌ಡೌನ್ ಹೈಫನ್ ಆರ್, ಕೇಳೋಕೆ ಆಫ್ ಮಾಡಿದಂಗ ಇದ್ರೂ ಆ ಆರ್ ಇರೋದ್ರಿಂದ ಅದು ರೀಸ್ಟಾರ್ಟು. ನಾಕ್ನೇ ಸೀಸನ್‌ನ ಮೊದ್ಲ ಹತ್ತು ಎಪಿಸೋಡ್ ಹೆಸ್ರು ವೆಬ್‌ಸೈಟ್ ಎರರ್ ನಂಬರು, 401 ಇಂದ 410ರ ತನಕ, ಅದ್ರಾಗ 404 ನಾಟ್ ಫೌಂಡ್ ಅನ್ನೋದ್ರಾಗ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಾಡಿನಾಗ ದಾರಿ ತಪ್ಪಿ ಅಲೀತಾರ. ಪರೀಕ್ಷೆ ರಿಸಲ್ಟ್ ದಿನ ಸೈಟ್ ಓಪನ್ ಮಾಡಿದೋರಿಗೆ ಈ ನಂಬರ್ ಬ್ಯಾರೆ ಹೇಳಬೇಕಾಗಿಲ್ಲ.

ಹೆಸರಾದ ಮ್ಯಾಲೆ ಸ್ಕ್ರೀನು. ಕಂಪ್ಯೂಟರ್ ಕಾಣಿಸಿದ ಕಡೆ ಎಲ್ಲಾ ಪಾಸ್ ಮಾಡ್ರಿ, ಮೊದ್ಲು ಐಪಿ ಅಡ್ರೆಸ್, ಅಂದ್ರ ನೆಟ್‌ನಾಗ ಕಂಪ್ಯೂಟರ್‌ಗೆ ಇರೋ ವಿಳಾಸದ ನಂಬರ್, ಹುಡುಕ್ರಿ. ಕೌಲ್ ಬಜಾರ್‌ನಾಗ ಸಿಸಿಟಿವಿ ಹಾಕೋ ಕೆಲಸ ಮಾಡೋ ದೋಸ್ತ ಒಬ್ಬ ಅದಾನ, ಅಂಗಡಿ ಅಂಗಡಿಗೆ ಹೋಗಿ ಡಿವಿಆರ್‌ಗೆ ಐಪಿ ಟೈಪ್ ಮಾಡಿ ಮಾಡಿ ಅವನ ಬೆರಳಿಗೇ ಅದು ಬಾಯಿಪಾಠ. ಮೊದ್ಲನೇ ಎಪಿಸೋಡ್‌ನಾಗ 218.108.149.373 ಅಂತ ಬಂತು ನೋಡ್ರಿ, ಮಿರ್ಚಿ ಅರ್ಧಕ್ಕೇ ಬಿಟ್ಟು "ಲೇ ಇದು ಸುಳ್ಳು ಐಪಿ ಲೇ" ಅಂದ. ಸರಿ ಅವ್ನು ಹೇಳಿದ್ದು, ಐಪಿನಾಗ ಒಂದೊಂದು ಭಾಗಕ್ಕೂ ಎಂಟು ಬಿಟ್ (0 ಇಲ್ಲಾ 1 ಅನ್ನೋ ಕಂಪ್ಯೂಟರ್ ಅಂಕಿ), ಹಂಗಾಗಿ 0 ಇಂದ 255ರ ತನಕ ಮಾತ್ರ, 373 ಅನ್ನೋದು ಎಲ್ಲೂ ಇರೋಕೇ ಸಾಧ್ಯ ಇಲ್ಲ. ಹಂಗಂತ ಮಿಸ್ಟೇಕ್ ಅಂತ ನಗಬ್ಯಾಡ್ರಿ, ನಿಜವಾದ ನಂಬರ್ ಹಾಕಿದ್ರ ಯಾರ್ದೋ ಕಂಪ್ಯೂಟರ್‌ಗೆ ಲಕ್ಷ ಮಂದಿ ಹೋಗಿ ಬಡೀತಾರ, ಅದಕ್ಕೇ ಪಿಚ್ಚರ್‌ನೋರು ಆಗದ ನಂಬರ್ ಹಾಕೋದು ವಾಡಿಕೆ.

ಮುಂದ ಇವ್ರು ಇನ್ನೂ ಶಾಣ್ಯಾ ಆದ್ರು. ಚಾನೆಲ್ ಕಂಪನಿ ಹೆಸರಿನಾಗೇ ಇರೋ ನಿಜವಾದ ಐಪಿ ಹಾಕಿ, ಅದ್ರ ಹಿಂದ ನಿಜವಾದ ವೆಬ್‌ಸೈಟ್ ಇಟ್ರು. ಎರಡ್ನೇ ಸೀಸನ್‌ನಾಗ ಬರೋ 192.251.68 ಅಂತ ಶುರುವಾಗೋ ಅಡ್ರೆಸ್‌ಗಳು ಈ ಜಾತಿ. ಎಲಿಯಟ್ ನೋಟ್‌ಬುಕ್‌ನಾಗಿನ ಕ್ಯೂಆರ್ ಕೋಡು ಸಹ ಹಂಗೇ, ಫೋನ್ ಹಿಡಿದ್ರ ಸ್ಕ್ಯಾನ್ ಆಗ್ತಿತ್ತು.

ಆ ಸೈಟುಗಳ ಹೆಸರಿನಾಗೂ ಒಂದು ಗಂಟು ಐತೆ, ಇದನ್ನ ಒಂದು ಸಲ ಕೈಯಾರೆ ಬಿಚ್ಚಿ ನೋಡ್ರಿ. ಡೊಮೇನ್ ಹೆಸ್ರು ಬಿ ಎಕ್ಸ್ ಜೆ ವೈ ಬಿ 2 ಜೆ ವಿ ಡಿ ಎ, ಆಮ್ಯಾಲೆ ಡಾಟ್ ನೆಟ್. ಬೆಕ್ಕು ಕೀಬೋರ್ಡ್ ಮ್ಯಾಲೆ ನಡೆದಂಗ ಐತೆ. ಬೇಸ್64 ಅಂದ್ರ ಅಕ್ಷರನ ಬ್ಯಾರೆ ಅಕ್ಷರಕ್ಕ ಬದಲಿಸಿ ಬರಿಯೋ ಪದ್ಧತಿ, ಯಾವ್ದಾದ್ರೂ ಬೇಸ್64 ಕನ್ವರ್ಟರ್ ತಗ್ದು ಮಿಸ್ಟರ್ ರೋಬಾಟ್ ಅನ್ನೋದನ್ನ ಚಿಕ್ಕದು ಮಾಡಿ ಎಮ್ ಆರ್ ಆರ್ ಒ ಬಿ ಒ ಟಿ ಅಂತ ಸ್ಪೇಸ್ ಬಿಡದಂಗ ಎಲ್ಲಾ ಸಣ್ಣಕ್ಷರದಾಗ ಟೈಪ್ ಮಾಡಿ ಎನ್‌ಕೋಡ್ ಒತ್ರಿ. ಬರೋದು: ಸಣ್ಣ ಬಿ, ದೊಡ್ಡ ಎಕ್ಸ್, ದೊಡ್ಡ ಜೆ, ಸಣ್ಣ ವೈ, ಸಣ್ಣ ಬಿ, 2, ದೊಡ್ಡ ಜೆ, ಸಣ್ಣ ವಿ, ಸಣ್ಣ ಡಿ, ದೊಡ್ಡ ಎ, ಕೊನಿಗೆ ಎರಡು ಈಕ್ವಲ್ ಗುರುತು. ಬೇಸ್64 ಮೂರು ಮೂರು ಅಕ್ಷರ ತಗೊಂಡು ನಾಕು ನಾಕು ಮಾಡ್ತೈತೆ, ಇಲ್ಲಿ ಏಳು ಅಕ್ಷರ, ಆರು ಹೋಗಿ ಒಂದು ಉಳೀತು, ಕಡಿಮಿ ಬಿದ್ದ ಜಾಗಕ್ಕ ಆ ಎರಡು ಈಕ್ವಲ್ಲು. ಡೊಮೇನ್ ಹೆಸರಿನಾಗ ಈಕ್ವಲ್ ಹಾಕೋಕೆ ಬರಲ್ಲ, ದೊಡ್ಡಕ್ಷರ ಸಣ್ಣಕ್ಷರ ಅಂತ ಫರಕೂ ಇಲ್ಲ, ಹಂಗಾಗಿ ಈಕ್ವಲ್ ತಗ್ದು ಎಲ್ಲಾ ಸಣ್ಣದು ಮಾಡಿ ರಿಜಿಸ್ಟರ್ ಮಾಡ್ಯಾರ. ಅದಕ್ಕೇ ಡೊಮೇನ್‌ನ ಇದ್ದಂಗೇ ಉಲ್ಟಾ ಡಿಕೋಡ್ ಮಾಡಿದ್ರ ಕಸ ಬರ್ತೈತೆ, ಯಾವ್ದು ದೊಡ್ಡಕ್ಷರ ಅಂತ ಗೊತ್ತಿರ್ಬೇಕು.

ಒಂದು ಜಾಗ್ರತೆ ಮಾತ್ರ, ಹಳೇ ಸೀರೀಸ್‌ನ ಡೊಮೇನ್ ರಿನೀವ್ ಆಗ್ದೇ ಇದ್ರ ಯಾರ್ ಬೇಕಾದ್ರೂ ತಗೊಂಡು ಏನ್ ಬೇಕಾದ್ರೂ ಹಾಕ್ಬೋದು. ಹೆಸ್ರು ಬಿಚ್ಚಿ ನೋಡ್ರಿ, ಸೈಟ್‌ನಾಗ ಹೋಗಿ ಡೌನ್‌ಲೋಡ್ ಒತ್ಕೊಂತ ಕೂಡಬ್ಯಾಡ್ರಿ, ಬಿಲ್ಲಿಂಗ್ ಮಾಡೋ ಅಂಗಡಿ ಕಂಪ್ಯೂಟರ್‌ನಾಗಂತೂ ಬ್ಯಾಡೇ ಬ್ಯಾಡ.

ಸಾಫ್ಟ್‌ವೇರ್ ಹೆಸ್ರು ಬಂದಾಗ್ಲೂ ಬರ್ಕೊಳ್ರಿ. ಎಲಿಯಟ್ ತಾನು ಹ್ಯಾಕ್ ಮಾಡಿದೋರ ಡೇಟಾನೆಲ್ಲ ಸಿಡಿಗೆ ಬರ್ದು, ಮ್ಯಾಲೆ ಮಾರ್ಕರ್‌ನಾಗ ಹಾಡಿನ ಆಲ್ಬಂ ಹೆಸ್ರು ಬರ್ದು ಇಡ್ತಾನಲ್ಲ, ಆ ಡೀಪ್‌ಸೌಂಡ್ ಅನ್ನೋ ಸಾಫ್ಟ್‌ವೇರ್ ನಿಜವಾಗ್ಲೂ ಐತೆ, ಫ್ರೀ. ಹಾಡಿನ ಫೈಲ್ ಒಳಗ ಬ್ಯಾರೆ ಫೈಲ್ ಬಚ್ಚಿಡ್ತೈತೆ, ಹಾಡು ಹಾಡಿನಂಗೇ ಕೇಳ್ತೈತೆ. ನಿಮ್ದೇ ಒಂದು ಫೋಟೋ ಹಾಕಿ ಟ್ರೈ ಮಾಡ್ರಿ, ಔಟ್‌ಪುಟ್ ಮಾತ್ರ ವೇವ್ ಫೈಲ್‌ನಾಗೇ ಇರ್ಲಿ, ಸೈಜ್ ಕಡಿಮಿ ಆಗ್ಲಿ ಅಂತ ಎಂಪಿ3 ಮಾಡಿದ್ರ ಒಳಗಿಂದು ಕೈ ಬಿಟ್ಟಂಗ. ಇನ್ನೊಂದು, ಎಲಿಯಟ್ ತಂಗಿ ಡಾರ್ಲೀನ್ ಪೆನ್‌ಡ್ರೈವ್ ಚೆಲ್ಲಿ ಬರ್ತಾಳ, ಒಬ್ಬ ಪೊಲೀಸ್ ಅದನ್ನ ಎತ್ಕೊಂಡು ಕಂಪ್ಯೂಟರ್‌ಗೆ ಚುಚ್ತಾನ, ಆ್ಯಂಟಿವೈರಸ್ ಹಿಡಿದುಬಿಡ್ತೈತೆ. ಎಲಿಯಟ್ ಸಿಟ್ಟಿಗೆದ್ದು ಈ ಕೋಡ್‌ನ ರ್‍ಯಾಪಿಡ್9 ಇಂದ ಎತ್ಕೊಂಡ್ಯಾ ಅಂತ ಬೈತಾನ. ರ್‍ಯಾಪಿಡ್9 ಅಂತ ಯಾವ್ದೂ ಇಲ್ಲ, ಮೆಟಾಸ್ಪ್ಲಾಯ್ಟ್ ಅನ್ನೋ ಹ್ಯಾಕಿಂಗ್ ಟೂಲ್ ನಡಿಸೋ ಕಂಪನಿ ಹೆಸ್ರು ರ್‍ಯಾಪಿಡ್7, ಎರಡು ಜಾಸ್ತಿ ಮಾಡಿ ಚೇಷ್ಟೆ ಮಾಡ್ಯಾರ. ಸೆಕ್ಯುರಿಟಿ ಕೆಲಸದಾಗ ಇರೋರು ಇಲ್ಲಿ ಬಿದ್ದು ಬಿದ್ದು ನಗ್ತಾರ, ಉಳಿದೋರಿಗೆ ಏನೂ ತಿಳಿಯಲ್ಲ.

ಸ್ಟೀಲ್ ಮೌಂಟನ್ ಪ್ಲಾನೂ ಹಿಂಗೇ ಚೆಕ್ ಮಾಡೋ ಹಂಗ ಐತೆ. ಬ್ಯಾಕಪ್ ಟೇಪ್ ಇಟ್ಟಿರೋ ಬಿಲ್ಡಿಂಗ್‌ನ ಎಸಿ ಕಂಟ್ರೋಲ್‌ಗೆ ಒಂದು ರಾಸ್ಬೆರಿ ಪೈ, ಅಂದ್ರ ಅಂಗೈ ಅಗಲದ ಕಂಪ್ಯೂಟರ್, ಸೇರ್ಸಿ ರೂಮ್ ಬಿಸಿ ಮಾಡಿ ಟೇಪ್ ಹಾಳು ಮಾಡೋದು. ಮೇ ತಿಂಗ್ಳು ಬಳ್ಳಾರಿಗೆ ತಂದಿಟ್ಟಿದ್ರ ಪೈ ಖರ್ಚು ಉಳೀತಿತ್ತು, ಎಸಿ ಆಫ್ ಮಾಡಿದ್ರ ಸಾಕಿತ್ತು.

ಕಂಪ್ಯೂಟರ್ ಬಿಟ್ಟು ಬ್ಯಾರೆ ಕಡೆನೂ ಕಣ್ಣು ಹಾಯಿಸ್ರಿ. ಕತೆನಾಗಿನ ದೊಡ್ಡ ಕಂಪನಿ ಇ ಕಾರ್ಪ್ ಲೋಗೋ, ಆ ಓರೆಯಾದ ಇ, ಅದು 2001ರಾಗ ದಿವಾಳಿ ಎದ್ದ ಎನ್ರಾನ್ ಕಂಪನಿ ಲೋಗೋ ಥರಾನೇ ಐತೆ, ಪಕ್ಕ ಪಕ್ಕ ಇಟ್ಟು ನೋಡ್ರಿ. ಎಲ್ಲಾರೂ ಅದನ್ನ ಈವಿಲ್ ಕಾರ್ಪ್ ಅಂತಾರಲ್ಲ, ಟಿವಿ ನ್ಯೂಸ್‌ನೋರೂ ಅಂತಾರ, ಅದು ಹೆಂಗ ಸಾಧ್ಯ? ಎಲಿಯಟ್ ತನ್ ತಲೆನಾಗ ಹಂಗ ಕೇಳ್ಸೋ ಹಂಗ ಮಾಡ್ಕೊಂಡಾನ, ನಮಗೂ ಅವನ ಕಿವಿಯಿಂದಾನೇ ಕೇಳ್ತೈತೆ. ಇದನ್ನ ಮೊದ್ಲನೇ ಎಪಿಸೋಡ್‌ನಾಗೇ ಹೇಳ್ತಾನ, ಅಲ್ಲೇ ಪಾಸ್ ಮಾಡಿ ಯೋಚ್ನೆ ಮಾಡಿದ್ರ ಮುಂದಿನ ಎಷ್ಟೋ ತಿರುವು ಅರ್ಥ ಆಗ್ತಾವ. ಅದೇ ಕಂಪನಿಯ ಟೈರೆಲ್ ಅನ್ನೋ ದೊಡ್ಡ ಸಾಹೇಬ ಎಲಿಯಟ್ ಟೇಬಲ್‌ಗೆ ಬಂದು ನೀ ಗ್ನೋಮ್ ಬಳಸ್ತಿ, ನಾ ಕೆಡಿಇ ಅನ್ನೋದೂ ಅಲ್ಲೇ. ಇವೆರಡು ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು, ಯಾವ್ದು ಚಲೋ ಅಂತ ಲಿನಕ್ಸ್ ಮಂದಿ ವರ್ಷಗಟ್ಲೆ ಜಗಳ ಆಡ್ಯಾರ, ಒಂದೇ ಮಾತಿಗೆ ಈ ಸಾಹೇಬ ಬರೇ ಸೂಟು ಬೂಟಲ್ಲ ಅಂತ ಗೊತ್ತಾಗ್ತೈತೆ.

ಕ್ಯಾಮೆರಾ ವಿಷಯ, ಮನುಷ್ಯನ್ನ ಫ್ರೇಮಿನ ಕೆಳಗಿನ ಮೂಲಿಗೆ ತಳ್ಳಿ ತಲೆ ಮ್ಯಾಲೆ ಖಾಲಿ ಬಿಡ್ತಾರ, ಟಾಡ್ ಕ್ಯಾಂಬೆಲ್ ಅನ್ನೋ ಕ್ಯಾಮೆರಾಮನ್ ಕೆಲಸ. ಸೌಂಡ್ ಆಫ್ ಮಾಡಿ ಹತ್ತು ನಿಮಿಷ ನೋಡ್ರಿ, ಕಾಣ್ತೈತೆ.

ಇಲ್ಲಿಂದ ಮುಂದ ಎರಡ್ನೇ ಸೀಸನ್ ನೋಡಿರೋರು ಮಾತ್ರ ಓದ್ರಿ. ಎಲಿಯಟ್ ಅವ್ವನ ಮನಿಯಾಗ ಅದಾನ ಅಂತ ನಂಬಿಸ್ತಾರ, ಅವ್ನು ಇರೋದು ಜೈಲ್‌ನಾಗ. ತಿರುಗಿ ನೋಡುವಾಗ ಒಂದು ಪೇಪರ್ ಇಟ್ಕೊಂಡು ಗೆರಿ ಹಾಕ್ರಿ: ದಿನಾ ಅದೇ ಟೈಮಿಗೆ ಊಟ, ಊಟಕ್ಕ ಎದುರಿಗೆ ಲಿಯಾನ್ ಅನ್ನೋ ಅದೇ ಗೆಳೆಯ, ಬ್ಯಾಸ್ಕೆಟ್‌ಬಾಲ್ ನೋಡೋದು, ನೋಡೋಕೆ ಬಂದೋರು ಟೇಬಲ್ ಆ ಕಡೆ ಕೂತು ಮಾತಾಡಿ ಎದ್ದು ಹೋಗೋದು, ಇವ್ನು ಎಂದೂ ಅವ್ರ ಜೊತಿ ಹೊರಗ ಹೋಗಲ್ಲ. ಕಂಪ್ಯೂಟರ್ ಬಿಟ್ಟೀನಿ ಅಂತಾನ, ಬಿಟ್ಟಿದ್ದಲ್ಲ, ಕೊಟ್ಟೇ ಇಲ್ಲ. ಪ್ರಸಾರ ಆಗುವಾಗ್ಲೇ ಭಾಳ ಮಂದಿ ಇದನ್ನ ಹಿಡ್ದಿದ್ರು, ಯಾಕಂದ್ರ ಎಲ್ಲಾ ಕಣ್ಣೆದುರಿಗೇ ಇತ್ತು. ಮೊದ್ಲನೇ ಸೀಸನ್ ದೊಡ್ಡ ತಿರುವಿಗೆ ಪಿಯಾನೋದಾಗ ಬರೋ ಟ್ಯೂನೂ ಹಿಂಗೇ, ಫೈಟ್ ಕ್ಲಬ್ ಪಿಚ್ಚರ್ ಕೊನಿಗೆ ಬರೋ ಹಾಡೇ ಅದು, ಎಲ್ಲಿಂದ ಸ್ಫೂರ್ತಿ ತಗೊಂಡ್ವಿ ಅನ್ನೋದನ್ನ ಮುಚ್ಚಿಡ್ದೇ ಅವ್ರೇ ಕೇಳಿಸ್ಯಾರ.

ಪೂರ್ತಿ 45 ಮತ್ತ ನೋಡೋಕೆ ಟೈಮಿಲ್ಲ ಅನ್ನೋರು ಒಂದು ಐತವಾರ ಇಷ್ಟು ನೋಡ್ರಿ: ಮೊದ್ಲನೇ ಎಪಿಸೋಡು, ಇನಿಟ್ ಎರಡೂ, ಮೂರ್ನೇ ಸೀಸನ್‌ನ ಐದ್ನೇದು, ಅದು ಒಂದೇ ಶಾಟ್‌ನಾಗ ತೆಗೆದಂಗ ಕಾಣ್ತೈತೆ, ಕಟ್ ಎಲ್ಲಿ ಮಾಡ್ಯಾರ ಅಂತ ಹಿಡಿಯೋದೇ ಕೆಲಸ, ಕಂಬ ಅಡ್ಡ ಬಂದಾಗ, ಕತ್ತಲಾದಾಗ ಪಾಸ್ ಮಾಡ್ರಿ. ಕೊನಿಗೆ ನಾಕ್ನೇ ಸೀಸನ್‌ನ 405 ಮೆಥಡ್ ನಾಟ್ ಅಲೌಡ್. ಹೆಸರಿನಾಗೇ ಐತಲ್ಲ ಅಲೌಡ್ ಇಲ್ಲ ಅಂತ, ಅದ್ರಾಗ ಮಾತಿಗೇ ಅನುಮತಿ ಇಲ್ಲ, ಇಡೀ ಎಪಿಸೋಡ್‌ಗೆ ಬಾಯಿ ಬಿಟ್ಟು ಆಡೋದು ಎರಡೇ ಎರಡು ಮಾತು, ಶುರುವಿಗೆ ಒಂದು, ಮುಗಿಯುವಾಗ ಒಂದು, ಉಳಿದಿದ್ದೆಲ್ಲ ಮೆಸೇಜು ಓಟ ಉಸಿರು. ಅದಕ್ಕೊಂದಕ್ಕೆ ಸಬ್‌ಟೈಟಲ್ ತಗ್ದು ನೋಡಿದ್ರೂ ನಡೀತೈತೆ.