ಕಾರ್ಡಿನಿಂದ ಹೋದ ಹತ್ತು ಕಿಲೋ ವಾಪಸ್ ಬಂದದ್ದು: ನನ್ನ ಅನುಭವ

2025ರ ಜನವರಿಯಲ್ಲಿ ನಮ್ಮ ದೊಡ್ಡಮ್ಮನಿಗೆ ರೇಶನ್ ಅಂಗಡಿಯಲ್ಲಿ 24 ಕಿಲೋ ಅಕ್ಕಿ, 6 ಕಿಲೋ ಗೋಧಿ ಸಿಕ್ಕಿತು. ಕೇರಳದಲ್ಲಿ ಆರು ಜನರ ಪಿಂಕ್ ಕಾರ್ಡಿಗೆ (ಬಡ ಮನೆಗಳ ಆದ್ಯತಾ ಕಾರ್ಡು) ಸಿಗಬೇಕಾದದ್ದು ಅಷ್ಟೇ, ಜಾಸ್ತಿ ಏನೂ ಅಲ್ಲ. ಆದರೆ ಅದಕ್ಕೆ ಮೊದಲು ಸುಮಾರು ಹದಿನಾಲ್ಕು ತಿಂಗಳು ಅವರಿಗೆ ಬರುತ್ತಿದ್ದದ್ದು 16 ಕಿಲೋ ಅಕ್ಕಿ, 4 ಕಿಲೋ ಗೋಧಿ. ‘ಹೋದದ್ದು ಹೋಯ್ತು, ನೀನು ಸುಮ್ನೆ ಬಸ್ಸಿಗೆ ದುಡ್ಡು ಹಾಕ್ಬೇಡ’ ಎಂದವರೇ ಎಲ್ಲ. ನನ್ನ ಹಾಗೆಯೇ ಅಂಗಡಿ ಇಟ್ಟುಕೊಂಡು ಆನ್‌ಲೈನ್ ಅರ್ಜಿ ತುಂಬುವ ಇಬ್ಬರು ಗೆಳೆಯರೂ ಅದನ್ನೇ ಹೇಳಿದ್ದರು. ಅವರೂ ಓದಲಿ ಎಂದೇ ಬರೆಯುತ್ತಿದ್ದೇನೆ.

ನನ್ನದು ಕಾಸರಗೋಡು ಜಿಲ್ಲೆಯ ಬಾಯಾರು ಕಡೆ ಸಣ್ಣ ಜೆರಾಕ್ಸ್ ಅಂಗಡಿ. ಹಳದಿ, ಪಿಂಕ್, ನೀಲಿ, ಬಿಳಿ ಕಾರ್ಡು ಯಾವುದು ಯಾರಿಗೆ, ಬೆರಳು ಒತ್ತಿ ರೇಶನ್ ತೆಗೆಯುವ ಇ-ಪೋಸ್ ಮಿಷನ್ ಹೇಗೆ ನಡೆಯುತ್ತದೆ, ಇದೆಲ್ಲ ನಿಮಗೆ ಗೊತ್ತಿದೆ. ಅದನ್ನು ಬಿಟ್ಟು ನಾನು ಎಡವಿದ ಜಾಗಗಳನ್ನೇ ಹೇಳುತ್ತೇನೆ.

ಮೊದಲ ತಪ್ಪು, ರೇಶನ್ ಅಂಗಡಿಯವರ ಮೇಲೆ ಸಂಶಯಪಟ್ಟದ್ದು. ದೊಡ್ಡಮ್ಮನ ಕೈಯಲ್ಲಿದ್ದ ಕಾರ್ಡು ಪುಸ್ತಕದಲ್ಲಿ ಆರು ಹೆಸರು ಇತ್ತು. ಅಕ್ಕಿ ನಾಲ್ಕು ಜನರದ್ದು ಬರುತ್ತಿತ್ತು. ‘ಮಿಷನ್ನಲ್ಲಿ ಇಷ್ಟೇ ತೋರಿಸ್ತದೆ’ ಎಂದು ಅಂಗಡಿಯವರು ಎಷ್ಟು ಸಲ ಹೇಳಿದರೂ ನಾನು ನಂಬಲಿಲ್ಲ. ಎರಡು ಕಿಲೋ ಮೂರು ಕಿಲೋ ಕಡಿಮೆ ಆದರೆ ತೂಕ ಎನ್ನಬಹುದು, ಪ್ರತಿ ತಿಂಗಳು ಲೆಕ್ಕ ಹಿಡಿದ ಹಾಗೆ ಹತ್ತು ಕಿಲೋ ಕಡಿಮೆ ಅಂದರೆ ಏನು? ಫೋನಿನಲ್ಲಿ ಒಂದು ದೂರು ಕೊಟ್ಟೆ. ಬರಹದಲ್ಲಿ ಎರಡು ಕೊಟ್ಟೆ. ಮೂರಕ್ಕೂ ಒಂದೇ ಉತ್ತರ: ಅಂಗಡಿಯಲ್ಲಿ ವ್ಯತ್ಯಾಸ ಇಲ್ಲ. ನಾಲ್ಕು ಸಲ ಹೋಗಿ ಬಂದದ್ದಕ್ಕೆ, ಅರ್ಜಿ, ಫೋಟೋ, ಊಟ ಎಲ್ಲ ಸೇರಿ ಏಳು ನೂರು ರೂಪಾಯಿಯ ಹತ್ತಿರ ಹೋಯಿತು. ದೊಡ್ಡಮ್ಮ ಬೀಡಿ ಕಟ್ಟುವವರು. ನಾಲ್ಕು ದಿನ ಬೀಡಿ ಕಟ್ಟದೆ ಹೋದದ್ದು ಬೇರೆ.

ಉತ್ತರ ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ, ಮಸ್ಟರಿಂಗ್ ಸಮಯದಲ್ಲಿ, ಅಂದರೆ ಕಾರ್ಡಿನಲ್ಲಿರುವ ಪ್ರತಿಯೊಬ್ಬರ ಗುರುತು ಖಾತ್ರಿ ಮಾಡುವಾಗ. ಹಳದಿ ಮತ್ತು ಪಿಂಕ್ ಕಾರ್ಡಿನವರೆಲ್ಲ ಬಂದು ಬೆರಳು ಒತ್ತಬೇಕಿತ್ತಲ್ವಾ, ಆಗ ಮನೆಯವರೆಲ್ಲ ಸಾಲಿನಲ್ಲಿ ನಿಂತರು. ದೊಡ್ಡಪ್ಪ, ದೊಡ್ಡಮ್ಮ, ಅಣ್ಣ, ತಂಗಿ, ನಾಲ್ಕು ಜನರದ್ದು ಆಯಿತು. ಅತ್ತಿಗೆ ಮತ್ತು ಅವರ ಮಗನ ಹೆಸರು ಮಿಷನ್ನಲ್ಲಿ ಇಲ್ಲವೇ ಇಲ್ಲ. ಪುಸ್ತಕದಲ್ಲಿ ಇರುವುದು ಹಳೆಯ ಕಾಲದ ಮಾತು, ಕಂಪ್ಯೂಟರಿನಲ್ಲಿ ಇರುವುದೇ ಈಗ ಕಾರ್ಡು. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನನಗೆ ಏಳು ನೂರು ರೂಪಾಯಿ ಬೇಕಾಯಿತು. ಆ ದಿನವೇ ಅಂಗಡಿಯವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಕುರ್ಚಿ ಕೊಟ್ಟು ಕೂರಿಸಿದರು.

ಅತ್ತಿಗೆ ಕರ್ನಾಟಕದ ಕನ್ಯಾನದವರು. ಬಾಯಾರಿನಿಂದ ಕನ್ಯಾನ ಇಲ್ಲೇ ಆಚೆ. ನಮಗೆ ಅದು ಪಕ್ಕದ ಊರು, ಕಾರ್ಡಿಗೆ ಅದು ಬೇರೆ ರಾಜ್ಯ. ಮದುವೆಯಾದ ಮೇಲೆ ಇಲ್ಲಿನ ಕಾರ್ಡಿಗೆ ಹೆಸರು ಸೇರಿಸಿದರು, ಅಲ್ಲಿನದ್ದನ್ನು ತೆಗೆಸಲಿಲ್ಲ. ಹೆರಿಗೆಗೆ ತವರಿಗೆ ಹೋದಾಗ ಮಗುವಿನ ಆಧಾರ್ ಕೂಡ ಅಲ್ಲಿನ ವಿಳಾಸದಲ್ಲೇ ಆಯಿತು, ಮಗುವಿನ ಹೆಸರೂ ಅಜ್ಜಿಯ ಕಾರ್ಡಿಗೆ ಸೇರಿತು. ಆಧಾರ್ ಜೋಡಿಸಿದ ಮೇಲೆ ಒಂದೇ ನಂಬರು ಎರಡು ಕಡೆ ಇದೆ ಎಂದು ಗೊತ್ತಾಗಿ ಇಲ್ಲಿನ ಎರಡು ಹೆಸರು ಹೋಗಿತ್ತು. ಗಡಿಯ ನಮ್ಮಲ್ಲಿ ಇಂಥ ಮನೆ ಎಷ್ಟಿವೆ! ಆಮೇಲೆ ನಾನು ನೋಡಿದ ಕಾರ್ಡುಗಳಲ್ಲಿ ಹತ್ತರಲ್ಲಿ ನಾಲ್ಕು ಐದು ಇದೇ ಕಥೆ. ಮಂಜೇಶ್ವರದಿಂದ ಅಡೂರಿನ ತನಕ ಸೊಸೆಯಂದಿರು ವಿಟ್ಲ, ಪುತ್ತೂರು, ಸುಳ್ಯದ ಕಡೆಯಿಂದ ಬಂದವರೇ.

ಕಷ್ಟದ ಕೆಲಸ ಕಚೇರಿಯಲ್ಲಿ ಇರಲಿಲ್ಲ, ಅತ್ತಿಗೆಯ ತವರಿನಲ್ಲಿತ್ತು. ಆಗ ಕರ್ನಾಟಕದಲ್ಲಿ ತಲೆಗೆ ಐದು ಕಿಲೋ ಅಕ್ಕಿ, ಇನ್ನೈದು ಕಿಲೋಗೆ ಬದಲಾಗಿ 170 ರೂಪಾಯಿ ಕೊಡುತ್ತಿದ್ದರು. ಎರಡು ಹೆಸರು ತೆಗೆದರೆ ಆ ಮನೆಗೆ ತಿಂಗಳಿಗೆ ಹತ್ತು ಕಿಲೋ ಅಕ್ಕಿ, 340 ರೂಪಾಯಿ ಹೋಗುತ್ತದೆ. ಅದು ಬಡವರ ಮನೆ. ‘ಅಲ್ಲಿ ನಿಮಗೆ ಬರಬೇಕು ಅಂತ ಇಲ್ಲಿ ನಮ್ಮದನ್ನು ತೆಗೀಬೇಕಾ ಮಗಾ?’ ಎಂದು ಅತ್ತಿಗೆಯ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಸಲ ಹೋದಾಗ ನಿಜವಾದ ಹೆದರಿಕೆ ಹೊರಗೆ ಬಂತು. ಹೆಸರು ತೆಗೆದರೆ ಕಾರ್ಡೇ ಹೊಸದಾಗುತ್ತದೆ, ಗೃಹಲಕ್ಷ್ಮಿಯ 2000 ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರಂತೆ. ಕಾರ್ಡಿನಲ್ಲಿ ಮನೆಯ ಯಜಮಾನಿ ಅವರೇ. ಮಗಳ ಹೆಸರು ತೆಗೆದರೆ ಯಜಮಾನಿ ಬದಲಾಗುವುದಿಲ್ಲ. ಅದನ್ನು ಕಾರ್ಡು ಬಿಡಿಸಿ ತೋರಿಸಿದೆ. ಒಂದೇ ಹೆಸರಿಗೆ ಎರಡು ಕಡೆ ಪಾಲು ಎಂದು ಗೊತ್ತಾದರೆ ಇಡೀ ಕಾರ್ಡಿಗೇ ತೊಂದರೆ ಬರಬಹುದು ಎಂದೂ ಹೇಳಿದೆ. ಮರುದಿನ ಅವರೇ ನನ್ನ ಜೊತೆ ಹೊರಟರು.

ಹೆಸರು ತೆಗೆದ ಪತ್ರ ಕೈಗೆ ಬರಲು ಮೂರು ಸಲ ಓಡಾಟ, ಐನೂರು ಚಿಲ್ಲರೆ ಖರ್ಚು. ಆ ಪತ್ರ ಇಲ್ಲದೆ ಇಲ್ಲಿ ಅರ್ಜಿ ಹಾಕಿದರೆ ಸುಮ್ನೆ ವಾಪಸ್ ಬರುತ್ತದೆ. ನಾನು ಬೇರೆಯವರದ್ದನ್ನು ಹಾಗೆ ಹಾಕಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ಈಗ ನನ್ನ ಹಾಳೆಯ ವಿಷಯ. ಗೆಳೆಯರು ನಕ್ಕದ್ದು ಇದಕ್ಕೇ. ಯಾರೇ ಬಂದು ‘ಅಕ್ಕಿ ಕಡಿಮೆ’ ಎಂದರೂ ನಾನು ಮೊದಲು ಇ-ಪೋಸ್ ತಾಣದಲ್ಲಿ ಕಾರ್ಡಿನ ಹತ್ತಂಕಿಯ ನಂಬರು ಹಾಕಿ ಆರು ತಿಂಗಳದ್ದು ತೆಗೆಯುತ್ತೇನೆ. ಒಂದು ಹಾಳೆಯಲ್ಲಿ ಕೈಯಲ್ಲೇ ಗೆರೆ ಎಳೆಯುತ್ತೇನೆ. ತಿಂಗಳು, ಹಂಚಿಕೆ ಎಷ್ಟು, ತೆಗೆದುಕೊಂಡದ್ದು ಎಷ್ಟು. ಕೆಳಗೆ ಪ್ರತಿ ಹೆಸರು, ಅದಕ್ಕೆ ಆಧಾರ್ ಸೇರಿದೆಯೋ, ಮಸ್ಟರಿಂಗ್ ಆಗಿದೆಯೋ. ಹಂಚಿಕೆಯೇ ಕಡಿಮೆ ಇದ್ದರೆ ಅಂಗಡಿಯವರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ, ಹೆಸರಿನಲ್ಲಿ ಏನೋ ಇದೆ. ಹಂಚಿಕೆ ಸರಿ ಇದ್ದು ಕೈಗೆ ಬಂದದ್ದು ಕಡಿಮೆ ಇದ್ದರೆ ಮಾತ್ರ ಅಂಗಡಿಗೆ ಹೋಗಬೇಕು, ಅದೂ ಬಿಲ್ಲು ಹಿಡಿದುಕೊಂಡು. ಅರ್ಜಿಯ ಹಿಂದೆ ಈ ಹಾಳೆಯನ್ನು ಪಿನ್ ಮಾಡುತ್ತೇನೆ. ಮೊದಲು ಅರ್ಧ ದಿನ ಕಾಯುತ್ತಿದ್ದ ಕೆಲಸ ಈಗ ಹದಿನೈದು ನಿಮಿಷ. ಅರ್ಜಿಯನ್ನು ಕನ್ನಡದಲ್ಲೇ ಬರೆಯುತ್ತೇನೆ, ನಮ್ಮ ಜಿಲ್ಲೆಯಲ್ಲಿ ಅದು ನಮ್ಮ ಹಕ್ಕು. ಜೊತೆಗೆ ಮಲಯಾಳದಲ್ಲಿ ನಾಲ್ಕು ಸಾಲು ಇಡುತ್ತೇನೆ, ಓದುವವರಿಗೆ ಸುಲಭ ಆಗಲಿ ಎಂದು. ಆ ನಾಲ್ಕು ಸಾಲನ್ನು ಹೇಗೆ ಬರೆಯುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬೇಕಾದವರು ಅಂಗಡಿಗೆ ಬಂದರೆ ಎದುರು ಕೂತು ತೋರಿಸುತ್ತೇನೆ.

ಇನ್ನೊಂದು ವಿಷಯ, ಹೆಸರಿನ ಅಕ್ಷರ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಬದಲಾಗುತ್ತದೆ. ಆಧಾರಿನಲ್ಲಿ ಲಲಿತಾ ಎಂಬುದಕ್ಕೆ ಟಿ ಮಾತ್ರ, ಕಾರ್ಡಿನಲ್ಲಿ ಟಿ ಮುಂದೆ ಎಚ್, ಕೊನೆಯಲ್ಲಿ ಒಂದು ಇನಿಶಿಯಲ್. ನಾನು ಆಧಾರಿನಲ್ಲಿ ಇರುವ ಹಾಗೆಯೇ ಕಾರ್ಡನ್ನು ತಿದ್ದಿಸುತ್ತೇನೆ. ಆಧಾರನ್ನು ತಿದ್ದಲು ಹೋದರೆ ಬ್ಯಾಂಕು, ಪೆನ್ಶನ್ ಎಲ್ಲ ಕಡೆ ತಿದ್ದುವ ಕೆಲಸ ಬೀಳುತ್ತದೆ.

ಬೆರಳಿನ ಬಗ್ಗೆ ನಾನು ಮಾಡಿದ ಪ್ರಯೋಗ ಹೇಳದೆ ಇರಲಾರೆ. ಬೀಡಿ ಕಟ್ಟುವವರ, ಅಡಿಕೆ ಸುಲಿಯುವವರ ಬೆರಳು ಮಿಷನ್ನಿಗೆ ಸಿಗುವುದಿಲ್ಲ. ದೊಡ್ಡಮ್ಮನ ಬೆರಳಿಗೆ ತೆಂಗಿನೆಣ್ಣೆ, ವ್ಯಾಸಲಿನ್, ಲಿಂಬೆರಸ, ಉಪ್ಪು ಹಾಕಿದ ಬಿಸಿನೀರು ಎಲ್ಲ ನೋಡಿದೆ. ಲಿಂಬೆ ಹಾಕಿದರೆ ಇನ್ನೂ ಕೆಟ್ಟದು. ಎಣ್ಣೆ ಹಾಕಿ ಚೆನ್ನಾಗಿ ಒರೆಸಿದರೆ ಪರವಾಗಿಲ್ಲ. ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ ಉಂಗುರದ ಬೆರಳು ಒತ್ತಿದಾಗ ಹತ್ತರಲ್ಲಿ ಏಳು ಸಲ ಸಿಕ್ಕಿತು. ಬೀಡಿ ಕಟ್ಟುವವರು ಆ ಬೆರಳನ್ನು ಕಡಿಮೆ ಸವೆಸುತ್ತಾರೆ ಅಂತ ನನ್ನ ಅಂದಾಜು. ಅದೂ ಆಗದಿದ್ದರೆ ಶುಲ್ಕ ಕೊಟ್ಟು ಆಧಾರ್ ಕೇಂದ್ರದಲ್ಲಿ ಬೆರಳು ಹೊಸದಾಗಿ ಕೊಡಿಸುವುದೇ ಒಳ್ಳೆಯದು. ಫೋನ್ ನಂಬರು ಸರಿ ಇದ್ದರೆ ಒಟಿಪಿಯಲ್ಲೂ ಅಕ್ಕಿ ತೆಗೆಯಬಹುದು.

ಮಗುವಿನ ವಿಷಯದಲ್ಲಿ ಮತ್ತೆ ಸಿಕ್ಕಿಬಿದ್ದೆ. ನವೆಂಬರಿನಲ್ಲಿ ಎರಡು ಹೆಸರೂ ಸೇರಿದವು. ಆದರೆ ಹುಡುಗನಿಗೆ ಆರು ವರ್ಷ, ಆಧಾರ್ ಮಾಡಿದ್ದು ಐದು ತುಂಬುವ ಮೊದಲು. ಅದರಲ್ಲಿ ಬೆರಳಚ್ಚೇ ಇರುವುದಿಲ್ಲ, ಮಸ್ಟರಿಂಗ್ ಆಗಲಿಲ್ಲ. ಐದು ಕಳೆದ ಮೇಲೆ ಒಮ್ಮೆ ಕೊಡಿಸಬೇಕು, ಅದಕ್ಕೆ ಹಣ ಕೊಡಬೇಕಾಗಿಲ್ಲ. ನಾನು ಅದನ್ನು ಮೊದಲೇ ನೋಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಎಲ್ಲವೂ ಗೆದ್ದದ್ದಲ್ಲ. ಮಂಗಳೂರಿಗೆ ಕೆಲಸಕ್ಕೆ ಹೋದ ಒಂದು ಕುಟುಂಬ ಮೂರು ತಿಂಗಳು ರೇಶನ್ ತೆಗೆಯಲಿಲ್ಲ, ಪಿಂಕ್ ಕಾರ್ಡು ಆದ್ಯತೆ ಇಲ್ಲದ ಬಿಳಿಯಾಯಿತು. ದೇಶದಲ್ಲಿ ಎಲ್ಲಿ ಬೇಕಾದರೂ ತೆಗೆಯಬಹುದು, ಮಂಗಳೂರಿನಲ್ಲೇ ತೆಗೆಯಬಹುದಿತ್ತು. ಅವರಿಗೆ ಯಾರೂ ಹೇಳಿರಲಿಲ್ಲ. ವಾಪಸ್ ಪಿಂಕ್ ಮಾಡಿಸಲು ಹೋದಾಗ ಹೊಸ ಮನೆ ಪಿಂಕ್ ಕಾರ್ಡಿನ ಮಿತಿಯಾದ ಸಾವಿರ ಚದರಡಿ ದಾಟಿದೆ ಎಂದು ಗೊತ್ತಾಯಿತು. ಅಲ್ಲಿಗೆ ನಾನು ಬಿಟ್ಟೆ.

ದೊಡ್ಡಮ್ಮನಿಗೆ ಒಟ್ಟು ಖರ್ಚು ಸಾವಿರದ ನಾನ್ನೂರರ ಸುತ್ತ. ಹತ್ತು ಕಿಲೋ ಹೊರಗಿನ ಅಂಗಡಿಯಿಂದ ತಂದರೆ ನಾನ್ನೂರಕ್ಕೆ ಕಡಿಮೆ ಇಲ್ಲ, ನಾಲ್ಕು ತಿಂಗಳಲ್ಲಿ ವಸೂಲಿ. ಹಿಂದಿನ ತಿಂಗಳುಗಳ ಬಾಕಿ ಕೇಳು ಎಂದು ಊರಿನವರು ಒತ್ತಾಯಿಸಿದರು. ನಾನು ಕೇಳಲಿಲ್ಲ. ಆಗ ಆ ಇಬ್ಬರ ಪಾಲು ಕನ್ಯಾನದ ಮನೆಗೆ ಹೋಗುತ್ತಿತ್ತು, ಅದನ್ನೇ ಎರಡು ಸಲ ಕೇಳುವುದು ಸರಿಯಲ್ಲ. ಆದರೆ ಡಿಸೆಂಬರಿನದ್ದು ಬೇರೆ. ಆಗ ಹೆಸರು ಅಲ್ಲೂ ಇರಲಿಲ್ಲ, ಇಲ್ಲಿ ಸೇರಿಯೂ ಅಕ್ಕಿ ಬರಲಿಲ್ಲ. ಆಹಾರ ಭದ್ರತಾ ಕಾಯ್ದೆ 2013ರ 8ನೇ ಸೆಕ್ಷನ್ನಿನಲ್ಲಿ ಸಿಗದ ಧಾನ್ಯಕ್ಕೆ ಭತ್ಯೆ ಕೊಡಬೇಕೆಂದು ಇದೆ. ಆ ಒಂದು ತಿಂಗಳಿಗೆ ಅರ್ಜಿ ಹಾಕಿದ್ದೇನೆ, ಹಾಳೆ ಸಮೇತ. ರಶೀದಿ ಅಂಗಡಿಯ ಗಾಜಿನ ಕೆಳಗೆ ಇಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಮುಂದಿನ ಸೋಮವಾರ ಕೇಳಲು ಹೋಗುತ್ತೇನೆ.