ಚಳಿನಾಡಲ್ಲಿ ಗ್ಯಾರೇಜ್ ಕಟ್ಟುತ್ತೀರಾ? ಬಿಸಿಯ ಲೆಕ್ಕ ನೆಲದಿಂದಲೇ ಶುರು

ನಮ್ಮೂರಲ್ಲಿ ಶೆಡ್ ಅಂದರೆ ನಾಲ್ಕು ಕಂಬ, ಮೇಲೊಂದು ಶೀಟು, ಮುಗೀತು. ಅದೇ ಲೆಕ್ಕದಲ್ಲಿ ನಾನಿರುವ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಗ್ಯಾರೇಜ್ ಕಟ್ಟಿದರೆ ಜನವರಿಯಲ್ಲಿ ಅದರೊಳಗೆ ಮಾಂಸ ಇಡಬಹುದು, ಕೆಲಸ ಮಾಡಲಾಗುವುದಿಲ್ಲ. ಹೊರಗೆ ಮೈನಸ್ 25 ಡಿಗ್ರಿ ಇರುವಾಗ ಸ್ಪ್ಯಾನರ್ ಬರಿಗೈಯಲ್ಲಿ ಹಿಡಿಯಲು ಆಗುವುದಿಲ್ಲ. ಮರಕ್ಕೆ ಹಚ್ಚಿದ ಬಿಳಿ ಅಂಟು ಗಟ್ಟಿಯಾಗುವ ಬದಲು ಸೀಮೆಸುಣ್ಣದ ಪುಡಿಯ ಹಾಗೆ ಉದುರುತ್ತದೆ. ಇಲ್ಲಿ ತುಂಬಾ ಜನ ಕಟ್ಟಡ ಮುಗಿಸಿ, ಆಮೇಲೆ ಹೀಟರ್ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ನೆಲದೊಳಗೇ ಬಿಸಿನೀರಿನ ಪೈಪ್ ಹಾಸುವ ಒಳ್ಳೆಯ ದಾರಿ ಕಾಂಕ್ರೀಟ್ ಸುರಿದಾಗಲೇ ಮುಚ್ಚಿಹೋಗಿರುತ್ತದೆ.

ಮೊದಲು ಸೀಮೆಸುಣ್ಣ ಹಿಡಿದು ಮನೆ ಮುಂದಿನ ಡ್ರೈವ್‌ವೇ ಮೇಲೆ ನಿಜ ಅಳತೆಯಲ್ಲೇ ನಕ್ಷೆ ಬರೆಯಿರಿ. ನನ್ನದು 30 ಅಡಿ ಅಗಲ, 24 ಅಡಿ ಉದ್ದ. ಒಂದು ಕಾರಿಗೆ 14 ಅಡಿ, ಉಳಿದ 16 ಅಡಿ ಮರಗೆಲಸಕ್ಕೆ. ಪ್ಲೈವುಡ್ ಹಾಳೆ 8 ಅಡಿ ಉದ್ದ ಅಲ್ವಾ? ಟೇಬಲ್ ಗರಗಸದ ಮುಂದೆ 8 ಅಡಿ, ಹಿಂದೆ 8 ಅಡಿ ಜಾಗ ಬೇಕು, ಇಲ್ಲದಿದ್ದರೆ ಅರ್ಧ ಕೊಯ್ದ ಹಾಳೆ ಹೋಗಿ ಗೋಡೆಗೆ ಗುದ್ದುತ್ತದೆ. ಹಾಗಾಗಿ ಗರಗಸವನ್ನು 24 ಅಡಿಯ ಉದ್ದಕ್ಕೇ ಇಟ್ಟೆ. ಕಾರು ಎತ್ತುವ ಲಿಫ್ಟ್ ಹಾಕುವ ಆಸೆ ಇದ್ದರೆ ಛಾವಣಿ ಸುಮಾರು 12 ಅಡಿ ಬೇಕು, ಆದರೆ ಎತ್ತರ ಜಾಸ್ತಿಯಾದಷ್ಟೂ ಬಿಸಿಗಾಳಿ ತಲೆ ಮೇಲೆಯೇ ಕೂರುತ್ತದೆ. ಚಳಿಗಾಲದ ಗಾಳಿ ಇಲ್ಲಿ ವಾಯವ್ಯದಿಂದ ಬೀಸುತ್ತದೆ. ದೊಡ್ಡ ಬಾಗಿಲು ಆ ಕಡೆ ಬೇಡ, ಕಿಟಕಿ ದಕ್ಷಿಣಕ್ಕಿರಲಿ.

ಕಾರಿನ ಭಾಗಕ್ಕೂ ವರ್ಕ್‌ಶಾಪಿಗೂ ನಡುವೆ ಗೋಡೆ ಹಾಕಿಸಿ. ಕಾರಿನಿಂದ ಕರಗಿ ಇಳಿಯುವ ಹಿಮದಲ್ಲಿ ರಸ್ತೆಗೆ ಎರಚಿದ ಉಪ್ಪು ಇರುತ್ತದೆ. ಆ ತೇವಕ್ಕೆ ಒಂದೇ ಚಳಿಗಾಲದಲ್ಲಿ ಗರಗಸದ ಮೇಲ್ಮೈ ತುಕ್ಕು ಹಿಡಿಯುತ್ತದೆ. ಕಾರಿನ ಕಡೆ ನೆಲ ಬಾಗಿಲಿಗೆ ಇಳಿಜಾರಾಗಿರಲಿ, ವರ್ಕ್‌ಶಾಪ್ ಕಡೆ ಮಟ್ಟಸವಾಗಿರಲಿ.

ಈಗ ನೆಲ. ಇಲ್ಲಿ ಮಣ್ಣೇ ಹೆಪ್ಪುಗಟ್ಟಿ ಉಬ್ಬುವುದರಿಂದ ಪಾಯ ಮಿನಿಯಾಪೊಲಿಸ್ ಕಡೆ 42 ಇಂಚು, ರಾಜ್ಯದ ಉತ್ತರಕ್ಕೆ 60 ಇಂಚು ಆಳ ಹೋಗಬೇಕು. ಜಲ್ಲಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಆಮೇಲೆ 2 ಇಂಚಿನ ಫೋಮ್ ಹಲಗೆ. ಅಂಚಿಗೂ ಫೋಮ್ ಇಡಿ, ಬಿಸಿ ಹೆಚ್ಚು ಸೋರುವುದು ಅಲ್ಲೇ. ಅದರ ಮೇಲೆ ಬಿಸಿ ನೀರು ಹರಿಯುವ ಅರ್ಧ ಇಂಚಿನ ಪೆಕ್ಸ್ (ಬಾಗುವ ಪ್ಲಾಸ್ಟಿಕ್) ಪೈಪನ್ನು ಅಡಿಗೊಂದರಂತೆ ಹಾಸಬೇಕು. 720 ಚದರಡಿಗೆ ಹತ್ತಿರಹತ್ತಿರ 720 ಅಡಿ ಪೈಪ್. ಒಂದೇ ಸುತ್ತು 300 ಅಡಿ ದಾಟಿದರೆ ನೀರು ಕೊನೆ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಅದಕ್ಕೇ ಮೂರು ಸುತ್ತು ಮಾಡಿದೆವು. ಕಾಂಕ್ರೀಟ್ ಸುರಿಯುವಾಗ ಪೈಪಿನೊಳಗೆ ಗಾಳಿ ಒತ್ತಿ ಒತ್ತಡ ತೋರಿಸುವ ಗೇಜ್ ಹಾಕಿಡಿ. ಯಾರದೋ ಸಲಿಕೆ ತಾಗಿ ತೂತಾದರೆ ಗೇಜಿನ ಮುಳ್ಳು ಇಳಿಯುತ್ತದೆ, ಆಗಲೇ ಸರಿಮಾಡಬಹುದು.

ಸುರಿಯುವ ಮುಂಚೆ, ಪೈಪ್ ಎಲ್ಲೆಲ್ಲಿದೆ ಅಂತ ಆಮೇಲೂ ಗೊತ್ತಾಗುವಂತೆ ಅಳತೆ ಟೇಪನ್ನು ನೆಲದ ಮೇಲೆ ಚಾಚಿಟ್ಟು ಫೋಟೋ ತೆಗೆಯಿರಿ. ನಾನು ಸುಮ್ನೆ ನೆನಪಿರುತ್ತೆ ಅಂದುಕೊಂಡೆ. ಮುಂದಿನ ವರ್ಷ ಒಂದು ಸ್ಟ್ಯಾಂಡ್ ಬಿಗಿಯಲು ಡ್ರಿಲ್ ಹಾಕಿದರೆ ತೂತಿನಿಂದ ಬೆಚ್ಚಗಿನ ಹಸಿರು ನೀರು ಚಿಮ್ಮಿತು, ನೀರು ಹೆಪ್ಪುಗಟ್ಟದಿರಲೆಂದು ಬೆರೆಸಿದ ಗ್ಲೈಕಾಲ್ ಅದು. ಕಾಂಕ್ರೀಟ್ ಒಡೆದು ಪೈಪ್ ಜೋಡಿಸಿ ಮುಚ್ಚಲು ಎರಡು ದಿನ ಹಿಡಿಯಿತು.

ನೆಲ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಹಾಗಾಗಿ ಇದು ದಿನಾ ಕೆಲಸ ಮಾಡುವವರಿಗೆ. ಶನಿವಾರ ಮಾತ್ರ ಒಳಗೆ ಕಾಲಿಡುವವರಾದರೆ ಛಾವಣಿಗೆ ನೇತುಹಾಕುವ ಗ್ಯಾಸ್ ಹೀಟರ್ ಸಾಕು, ಬೇಗ ಬಿಸಿಯಾಗುತ್ತದೆ. ಆದರೆ ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನೂ ಹೊರಗೇ ಬಿಡುವಂಥದ್ದೇ ಕೊಳ್ಳಿ. ಮರದ ಪುಡಿ ಹಾರುವ ಜಾಗದಲ್ಲಿ ತೆರೆದ ಉರಿ ಬೇಡವೇ ಬೇಡ. ಯಾವ ಹೀಟರ್ ಆದರೂ ಕಿಡಿ ಹೊತ್ತುವ ಭಾಗ ನೆಲದಿಂದ 18 ಇಂಚಾದರೂ ಮೇಲಿರಲಿ, ಪೆಟ್ರೋಲ್ ಆವಿ ಭಾರ, ನೆಲಕ್ಕೆ ಅಂಟಿಕೊಂಡೇ ಹರಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ ಅಂದುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ದೊಡ್ಡ ಬಾಗಿಲಿನ ಅಡಿಯ ರಬ್ಬರ್ ಪಟ್ಟಿ ಹರಿದಿದ್ದರೆ ಕಾಸು ಅಲ್ಲಿಂದಲೇ ಹೋಗುತ್ತದೆ. ರಾತ್ರಿ ಒಳಗೆ ದೀಪ ಹಾಕಿ ಹೊರಗೆ ನಿಂತು ನೋಡಿ, ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೇ ತೂತು.