ಮೂರು ಬಾಡಿಗೆ ಮನೆ, ಒಂದೇ ನೀರಿನ ಬಿಲ್

ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಮೂರು ಬಾಡಿಗೆ ಮನೆ, ಕಾವೇರಿ ನೀರಿಗೆ ಒಂದೇ ಮೀಟರ್. ಬಳಕೆ ಏರಿದಂತೆ ಸ್ಲ್ಯಾಬ್ ದರವೂ ಏರುತ್ತದೆ. ಸಮಪಾಲು ಹಾಕಿದರೆ ಇಬ್ಬರೇ ಇರುವ ಮನೆಯವರಿಗೆ ನಿಜಕ್ಕೂ ಅನ್ಯಾಯ, ಪ್ರತಿ ಬಿಲ್ಲಿಗೂ ಜಗಳ.

ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪುಗಳಿಗೆ ಮನೆಗೊಂದು ಮೀಟರ್ ಹಾಕಿಸಿದೆ. ಅಡುಗೆಮನೆಗೂ ಬಚ್ಚಲಿಗೂ ಬೇರೆ ಪೈಪ್ ಇದ್ದವು. ಪ್ಲಂಬರ್ ಅವನ್ನು ಟೆರೇಸಿನಲ್ಲೇ ಒಂದುಗೂಡಿಸಿ, ಡಯಲ್ ಮೇಲ್ಮುಖವಾಗಿರುವಂತೆ ಮೀಟರ್ ಕೂರಿಸಿದರು. ಆಮೇಲೆ ಮೇಲಿನ ಮನೆಯ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಮೀಟರಿನ ಬಾಯಲ್ಲಿರುವ ಜಾಲರಿ ಬಿಚ್ಚಿದರೆ ಮರಳು, ಟೆಫ್ಲಾನ್ ಟೇಪಿನ ಚೂರು! ತೊಳೆದ ಮೇಲೆ ಸರಿಹೋಯಿತು.

ಈಗ ಬಾಡಿಗೆದಾರರೇ 1ನೇ ತಾರೀಖು ಡಯಲಿನ ಫೋಟೋ ಕಳಿಸುತ್ತಾರೆ, ರೀಡಿಂಗ್ ಪ್ರಕಾರ ಹಂಚುತ್ತೇನೆ. ಮೂರರ ಮೊತ್ತಕ್ಕಿಂತ ಜಲಮಂಡಳಿಯ ಮೀಟರ್ ತೀರಾ ಜಾಸ್ತಿ ತೋರಿಸಿದರೆ ಮೊದಲು ಸಂಪಿನ ಸೋರಿಕೆ ನೋಡುತ್ತೇನೆ.